ಹನ್ನೊಂದು ಲಾರಿ ನಿಂತಿದ್ದವು

ಲಾರಿ ಕಂಪನಿಯೊಂದು ಗಟ್ಟಿಯಾಗಿದೆಯೋ ಟೊಳ್ಳಾಗಿದೆಯೋ ನೋಡಿ ವರದಿ ಬರೆಯುವುದು ನನ್ನ ಕೆಲಸ. ಹಾಸನದ ಒಂದು ಫೈನಾನ್ಸ್ ಕಂಪನಿ ಅದಕ್ಕಾಗಿ ನನಗೆ ಸಂಬಳ, ಪೆಟ್ರೋಲು, ಕುತ್ತಿಗೆಗೆ ನೇತುಹಾಕಿಕೊಳ್ಳಲು ಒಂದು ಕಾರ್ಡು ಕೊಟ್ಟಿದೆ. ಮೂರು ವರ್ಷದ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನು, ಬ್ಯಾಂಕಿನ ಪಟ್ಟಿ ಎಲ್ಲ ನೋಡುತ್ತೇನೆ. ನಿಜ ಹೇಳಬೇಕೆಂದರೆ ಅಷ್ಟೆಲ್ಲ ಬೇಕಾಗಿಲ್ಲ. ಸೀಸನ್ನಿನಲ್ಲಿ ಯಾರ್ಡಿನ ಗೇಟಿಗೆ ಹೋಗಿ ನಿಂತರೆ ಸಾಕು. ಯಾರ್ಡು ಖಾಲಿಯಿದ್ದರೆ ಕಂಪನಿ ಚೆನ್ನಾಗಿದೆ, ಲಾರಿ ತುಂಬಿಕೊಂಡಿದ್ದರೆ ಕಾಯಿಲೆ ಬಿದ್ದಿದೆ. ನಿಂತ ಲಾರಿಗೂ ಕಂತು ಕಟ್ಟಬೇಕು, ಇನ್ಶೂರೆನ್ಸ್ ಕಟ್ಟಬೇಕು. ದುಡಿಯುವುದು ಮಾತ್ರ ಓಡುವ ಲಾರಿ.

ಇದನ್ನು ನನಗೆ ಯಾವ ಬಿ.ಕಾಂ. ಮೇಷ್ಟರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದು ನಟರಾಜು ಮಾವ. ನನ್ನ ಅವ್ವನ ತಮ್ಮ, ಹಳ್ಳಿಮೈಸೂರಿನವನು, ಇಪ್ಪತ್ತೆಂಟು ವರ್ಷ ಸ್ಟೀರಿಂಗ್ ಹಿಡಿದವನು. ಅಪ್ಪ ಸತ್ತ ಮೇಲೆ ನನ್ನ ಫೀಸು ಕಟ್ಟಿದ್ದೂ ಅವನೇ. ಬೇಸಿಗೆ ರಜೆಯಲ್ಲಿ ಅವನ ಕ್ಯಾಬಿನ್ನಿನಲ್ಲಿ ಕೂತು, ಚನ್ನರಾಯಪಟ್ಟಣದ ತೆಂಗಿನಕಾಯಿ ಲೋಡಿನ ಜೊತೆ ನಾಗಪುರದವರೆಗೂ ಹೋಗಿಬಂದಿದ್ದೇನೆ. ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿಲ್ಲ. ಮಾವ ಡ್ರೈವರ್ ಅಂದರೆ ಮುಂದಿನ ಪ್ರಶ್ನೆ ಯಾವೂರು ಅಂತ, ಅದರ ಮುಂದಿನದು ಊರಲ್ಲಿ ಯಾವ ಬೀದಿ ಅಂತ. ಆ ಬೀದಿಯ ಪ್ರಶ್ನೆ ಬರದಿರಲಿ ಅಂತ ನಾನು ಡ್ರೈವರ್ ಮಾವನಿಗೇ ಬಾಗಿಲು ಹಾಕಿದ್ದೆ. ನಮ್ಮ ಮನೆಯವರದು ಬಿಸಿನೆಸ್ಸು ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಹತ್ತಿದ ಏಣಿ ಒದೆಯುವುದು ಅಂತಾರಲ್ಲ, ಅದರಲ್ಲಿ ನಾನು ಪಾಸಾದವನು.

ಕಳೆದ ಏಪ್ರಿಲ್ ಕೊನೆಯಲ್ಲಿ ನಮ್ಮ ಮ್ಯಾನೇಜರ್ ಚಂದ್ರಮೌಳಿಯವರ ಜೊತೆ ಅರುಣ್‌ಕುಮಾರ್ ಅನ್ನುವವರ ಕಂಪನಿ ನೋಡಲು ಹೋಗಬೇಕಾಯಿತು. ಹದಿನಾಲ್ಕು ಲಾರಿಯ ಕಂಪನಿ, ಎಂಬತ್ತು ಲಕ್ಷ ಸಾಲ ಕೇಳಿದ್ದರು. ನಟರಾಜು ಮಾವ ಅಲ್ಲೇ ಡ್ರೈವರ್. ಅದು ನನಗೆ ಗೊತ್ತಿತ್ತು. ಹೊಟ್ಟೆನೋವು ಅಂತ ರಜಾ ಹಾಕೋಣ ಅನ್ನಿಸಿತು. ಆಮೇಲೆ, ಮಾವ ಲೋಡಿನ ಮೇಲೆ ಹೋಗಿರುತ್ತಾನೆ ಬಿಡು ಅಂತ ಧೈರ್ಯ ತಂದುಕೊಂಡೆ. ಅದು ಬಿತ್ತನೆ ಆಲೂಗಡ್ಡೆ ಬರುವ ಕಾಲ. ಜಲಂಧರದಿಂದ ಹಾಸನದ ಮಾರ್ಕೆಟ್ಟಿಗೆ ಲಾರಿಗಳು ಸಾಲುಗಟ್ಟುತ್ತವೆ. ದುಪ್ಪಟ್ಟು ಬಾಡಿಗೆ ಕೊಡುತ್ತೇನೆಂದರೂ ಗಾಡಿ ಸಿಗುವುದಿಲ್ಲ.

ಗೇಟು ದಾಟಿದರೆ ಯಾರ್ಡು ತುಂಬಿತ್ತು. ಎಣಿಸಿದೆ, ಹನ್ನೊಂದು ಲಾರಿ. ಎರಡರ ಚಕ್ರದ ಸುತ್ತ ಹುಲ್ಲು ಎದ್ದಿತ್ತು.

ಚಂದ್ರಮೌಳಿಯವರ ಮುಖ ಅರಳಿತು. “ನೋಡ್ರೀ ಕೀರ್ತಿರಾಜ್, ಆಸ್ತಿ ಅಂದ್ರೆ ಇದು. ಎಲ್ಲಾ ಕಣ್ಣೆದುರೇ ಇದೆ.”

ಪಾಪ, ಅವರು ಮೊದಲು ಒಡವೆ ಸಾಲ ನೋಡಿಕೊಳ್ಳುತ್ತಿದ್ದವರು. ಒಡವೆ ಪೆಟ್ಟಿಗೆಯಲ್ಲಿ ಕೂತಿದ್ದರೆ ಕ್ಷೇಮ, ಲಾರಿಯೂ ಹಾಗೇ ಅಂದುಕೊಂಡಿದ್ದರು. ನನಗೆ ತಡೆಯಲಾಗಲಿಲ್ಲ.

“ಸರ್, ಇದು ಆಲೂಗಡ್ಡೆ ಸೀಸನ್ನು. ಇಷ್ಟೊಂದು ಗಾಡಿ ನಿಂತಿರಬಾರದು. ಯಾವ ಗಾಡಿ ಯಾವಾಗ ಟೋಲ್ ದಾಟಿದೆ ಅಂತ ಫಾಸ್ಟ್‌ಟ್ಯಾಗ್ ಪಟ್ಟಿ ಒಂದು ಸಲ ನೋಡಿದರೆ…”

ಅರುಣ್‌ಕುಮಾರ್ ಮುಖ ಬಿಗಿಯಿತು. ಚಂದ್ರಮೌಳಿಯವರು ಮಾತ್ರ ನಕ್ಕುಬಿಟ್ಟರು. “ಏನ್ರೀ, ಲಾರಿ ವಿಷಯ ಇಷ್ಟು ಗೊತ್ತು ನಿಮಗೆ? ಮನೇಲಿ ಯಾರಾದ್ರೂ ಡ್ರೈವರ್ ಇದ್ದಾರಾ?”

ಸುಮ್ಮನೆ ತಮಾಷೆಗೆ ಕೇಳಿದ್ದು. ಅಷ್ಟರಲ್ಲಿ ಹತ್ತು ಹೆಜ್ಜೆ ಆಚೆ, ಒಂದು ಲಾರಿಯ ನೆರಳಿನಲ್ಲಿ ಕೂತಿದ್ದ ನಟರಾಜು ಮಾವ ಎದ್ದು ನಿಂತಿದ್ದ. ನನ್ನನ್ನು ಕಂಡು ಮುಖದ ತುಂಬ ನಗು ತಂದುಕೊಂಡಿದ್ದ. ಇನ್ನೇನು ಕೂಗಿಬಿಡುತ್ತಾನೆ ಅನ್ನಿಸಿತು.

“ಇಲ್ಲ ಸರ್. ಎಲ್ಲೋ ಓದಿದ್ದೆ,” ಅಂದೆ, ಅವನಿಗೂ ಕೇಳುವಷ್ಟು ಗಟ್ಟಿಯಾಗಿ.

ಮಾವನ ನಗು ಇಳಿಯಿತು. ಟವೆಲ್ ತೆಗೆದು ಮುಖ ಒರೆಸಿಕೊಂಡ. ಗಾಡಿಗಳೆಲ್ಲ ಸರ್ವಿಸ್‌ಗೆ ನಿಂತಿವೆ ಅಂದರು ಅರುಣ್‌ಕುಮಾರ್. ಹನ್ನೊಂದು ಲಾರಿಗೂ ಒಂದೇ ದಿನ ಸರ್ವಿಸ್ ಬಂದಿತ್ತಂತೆ! ಬಾಯಿಗೆ ಕಡುಬು ತುರುಕಿದವನ ಹಾಗೆ ಹೂಂಗುಟ್ಟಿದೆ. ಫಾಸ್ಟ್‌ಟ್ಯಾಗ್ ಪಟ್ಟಿ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚಂದ್ರಮೌಳಿಯವರೂ ಮನೇಲಿ ಡ್ರೈವರ್ ಇದ್ದಾರಾ ಅಂತ ಮತ್ತೆ ಕೇಳುತ್ತಿದ್ದರು.

ಒಬ್ಬ ಡ್ರೈವರನ್ನಾದರೂ ಮಾತಾಡಿಸಬೇಕು ಅನ್ನುವುದು ನಮ್ಮ ನಿಯಮ. ಅರುಣ್‌ಕುಮಾರ್ ಎಲ್ಲರಿಗಿಂತ ಹಿರಿಯನನ್ನೇ ಕರೆದರು. ಮಾವ ಬಂದು ನನ್ನ ಮುಂದೆ ಕೈಕಟ್ಟಿ ನಿಂತ. ಸಂಬಳ ಸರಿಯಾಗಿ ಬರುತ್ತಾ ಅಂತ ಫೈಲಿನಿಂದ ತಲೆ ಎತ್ತದೆ ಕೇಳಿದೆ.

“ಬತ್ತದೆ ಸಾ,” ಅಂದ.

ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ನನಗೆ ‘ಸಾ’ ಅಂದ. ಆದರೂ ಕೈ ತನ್ನ ಪಾಡಿಗೆ ಬರೆಯಿತು: ಚಾಲಕರ ವೇತನ ಸಕಾಲಕ್ಕೆ ಪಾವತಿ, ಕಂಪನಿಯ ಸ್ಥಿತಿ ಉತ್ತಮ.

ಮೇ ತಿಂಗಳಲ್ಲಿ ಸಾಲ ಮಂಜೂರಾಯಿತು. ಆ ದುಡ್ಡು ಹಳೇ ಸಾಲಗಳ ಹೊಟ್ಟೆಗೆ ಹೋಯಿತು. ಆಯುಧಪೂಜೆಗೆ ಅಂತ ಲಾರಿ ತೊಳೆಯಲು ಬಕೆಟ್ಟು ಹಿಡಿದು ಹೋದ ಡ್ರೈವರ್‌ಗಳಿಗೆ ಗೇಟಿನ ಬೀಗ ಕಾಣಿಸಿತು. ಅರುಣ್‌ಕುಮಾರ್ ಫೋನು ಸ್ವಿಚ್ ಆಫ್. ಹದಿನಾಲ್ಕು ಲಾರಿಯನ್ನೂ ನಮ್ಮ ಕಂಪನಿ ಎಳೆದುಕೊಂಡು ಬಂತು. ಆಫೀಸಿನಲ್ಲಿ ನನ್ನನ್ನು ಒಬ್ಬರೂ ಬೈಯಲಿಲ್ಲ. ಪೇಪರೆಲ್ಲ ಕ್ಲೀನಾಗಿತ್ತಲ್ರೀ, ನಾವೇನು ಮಾಡೋಕಾಗುತ್ತೆ ಅಂತ ಚಂದ್ರಮೌಳಿಯವರು ನನಗೇ ಸಮಾಧಾನ ಹೇಳಿದರು. ಬೈದಿದ್ದರೆ ಅವತ್ತು ನಿದ್ದೆಯಾದರೂ ಬರುತ್ತಿತ್ತೇನೋ.

ಮುಂದಿನ ಭಾನುವಾರ ಹಳ್ಳಿಮೈಸೂರಿಗೆ ಹೋದೆ. ಏಪ್ರಿಲ್‌ನಿಂದ ಆ ಕಡೆ ತಲೆ ಹಾಕಿರಲಿಲ್ಲ. ಕೈಯಲ್ಲಿ ಒಂದು ಕೆ.ಜಿ. ಸ್ವೀಟು ಬೇರೆ, ಏನು ಘನಕಾರ್ಯ ಮಾಡಿದ್ದೆ ಅಂತಲೋ. ಮಾವ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಧನಲಕ್ಷ್ಮಿ ಅತ್ತೆ ರಾಗಿ ಕೇರುತ್ತಿದ್ದಳು.

“ಬಾ ಮಗ, ಕೂತ್ಕ,” ಅಂದ ಮಾವ, ಏನೂ ಆಗಿಲ್ಲದ ಹಾಗೆ.

“ಎಷ್ಟು ತಿಂಗಳ ಸಂಬಳ ಬಂದಿಲ್ಲ ಮಾವ?”

“ಎಂಟು.”

ಲೆಕ್ಕ ಹಾಕಿದೆ. ಸೆಪ್ಟೆಂಬರ್‌ನಿಂದ ಹಿಂದಕ್ಕೆ ಎಂಟು ಅಂದರೆ ಫೆಬ್ರವರಿ. “ಹಾಗಾದರೆ ಅವತ್ತು ಬರುತ್ತದೆ ಅಂದೆಯಲ್ಲ?”

“ಧಣಿ ಪಕ್ಕದಲ್ಲೇ ನಿಂತಿದ್ನಲ್ಲಪ್ಪ. ಅದೂ ಅಲ್ದೆ, ನೀನು ನನ್ ಗುರ್ತೇ ಇಲ್ದೋನಂಗೆ ಕೇಳ್ದೆ. ನನ್ ಬಾಯಿಂದ ನಿಂಗೆ ಏನ್ ಬೇಕಾಗಿತ್ತೋ ನಂಗ್ ಗೊತ್ತಾಗ್ಲಿಲ್ಲ. ಸಾಹೇಬ್ರು ಕೇಳುದ್ರೆ ಎಲ್ಲಾ ಚೆನ್ನಾಗದೆ ಸಾ ಅನ್ನದೇ ನಮ್ ರೂಢಿ.”

ಅವನೇ ಮುಂದುವರಿಸಿದ. ಮೇ ತಿಂಗಳಲ್ಲಿ ಡ್ರೈವರ್‌ಗಳೆಲ್ಲ ಕೆಲಸ ಬಿಟ್ಟು ಹೊರಟಿದ್ದರಂತೆ. ಮಾವನನ್ನು ಚನ್ನರಾಯಪಟ್ಟಣದ ಕಾಯಿ ಮಂಡಿಯವರು ತಮ್ಮ ಗಾಡಿಗೆ ಕರೆದಿದ್ದರಂತೆ.

“ನಾನೇ ಎಲ್ರುನ್ನೂ ತಡ್ದೆ ಕಣಪ್ಪ. ಬಂದಿದ್ದ ಆಫೀಸರ್‌ಗೆ ಲಾರಿ ಗೊತ್ತು ಕಣ್ರಲಾ, ಅವ್ನು ಒಪ್ಪಿ ದುಡ್ ಕೊಡ್ಸವ್ನೆ ಅಂದ್ರೆ ಕಂಪನಿ ಎದ್ಕತದೆ ಅಂದೆ. ನೀನು ನಮ್ಮೋನು ಅಂತ ಮಾತ್ರ ಯೋಳ್ಲಿಲ್ಲ. ಗಾಡಿ ನಿಂತಿದ್ದು ನಂಗೂ ಕಾಣ್ತಿತ್ತು. ಆದ್ರೆ ನೀನು ಒಳ್ಗಿನ ಬುಕ್ಕೂ ನೋಡಿದ್ದೆಯಲ್ಲ. ನಮಗ್ ಕಾಣದ್ದು ಏನೋ ನಿಂಗ್ ಕಂಡಿರ್ಬೇಕು ಅನ್ಕಂಡೆ.”

ಅವನ ಮಾತು ನಂಬಿ ಒಂಬತ್ತು ಜನ ನಿಂತಿದ್ದರು. ಮಂಡಿಯ ಕೆಲಸ ಅರಕಲಗೂಡಿನ ಯಾರಿಗೋ ಹೋಗಿತ್ತು. ಈ ಮನುಷ್ಯ ನನ್ನ ಮರ್ಯಾದೆ ಕಾಪಾಡುತ್ತಲೇ ನನ್ನ ಸಹಿಯ ಮೇಲೆ ಐದು ತಿಂಗಳು ಬಿಟ್ಟಿ ದುಡಿದಿದ್ದ. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಏನೂ ಕಂಡಿರಲಿಲ್ಲ ಮಾವ,” ಅಂದೆ. “ಗೇಟಿನಲ್ಲೇ ನನಗೆ ಗೊತ್ತಾಗಿತ್ತು. ಹೆಚ್ಚು ಮಾತಾಡಿದರೆ ನಾನು ಯಾರ ಮನೆಯವನು ಅಂತ ಗೊತ್ತಾಗುತ್ತೆ ಅಂತ ಸುಮ್ಮನಾದೆ.”

ಅತ್ತೆ ಮೊರ ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಮೆತ್ತಗೇ ಕೇಳಿದಳು.

“ನಮ್ಮನ್ನ ನಮ್ಮೋರು ಅನ್ನಕ್ಕೆ ನಾಚ್ಕೆ ಆಯ್ತಾ, ಅನ್ಬ್ಯಾಡ ಬುಡು ಮಗ. ಲಾರಿ ನಿಂತವೆ ಅನ್ನಕ್ಕೆ ನಿಂಗೇನಾಗಿತ್ತು?”