ಒಂದೇ ಕಿಟ್ಟಿನ ಅಂಗಡಿ

ಸಾಂಕ್ರಾಮಿಕ ರೋಗವು ಮನುಷ್ಯನ ಶ್ವಾಸಕೋಶವನ್ನು ಪರೀಕ್ಷಿಸುವುದಕ್ಕೆ ಮೊದಲು ಅವನ ಆತ್ಮಸಾಕ್ಷಿಯನ್ನು ಪರೀಕ್ಷಿಸುತ್ತದೆ. ನಮ್ಮ ಬೀದಿಯ ನಲ್ಲಿ ರಿಪೇರಿ ಅಂಗಡಿಯ ಯಜಮಾನರು ಈ ಪರೀಕ್ಷೆಯ ಫಲಿತಾಂಶವನ್ನು ಮೊದಲೇ ಬೋರ್ಡಿನ ಮೇಲೆ ಬರೆಸಿಬಿಟ್ಟಿದ್ದರು: ‘ನೂರಕ್ಕೆ ನೂರು ಸುರಕ್ಷಿತ.’ ಬೋರ್ಡಿನ ಕೆಳಗೆ ಸ್ಯಾನಿಟೈಸರ್ ಬಾಟಲಿ ಇತ್ತು. ಯಾರೂ ಹೊತ್ತೊಯ್ಯದಿರಲೆಂದು ಅದನ್ನು ತಂತಿಯಿಂದ ಮೇಜಿನ ಕಾಲಿಗೆ ಬಿಗಿದಿದ್ದರಿಂದ, ಕೈ ಶುಚಿಗೊಳಿಸಬೇಕಾದವನು ಯಜಮಾನರಿಗೆ ನಡುಬಗ್ಗಿಸಿ ನಮಸ್ಕರಿಸಿದಂತೆ ಕಾಣುತ್ತಿತ್ತು. ಅದು ಅವರಿಗೆ ಅಪ್ರಿಯವೇನೂ ಆಗಿರಲಿಲ್ಲ.

ಗಿರಾಕಿಗಳನ್ನು ಗೆದ್ದದ್ದು ಮಾತ್ರ ಫೋಟೋ. ಯಾವ ಪ್ಲಂಬರನೇ ಆಗಲಿ, ಹೊರಡುವ ಮೊದಲು ಅಡಿಯಿಂದ ಮುಡಿಯವರೆಗೆ ಬಿಳಿಯ ಪಿಪಿಇ ಕಿಟ್ ತೊಟ್ಟು, ಗ್ಲೌಸು, ಮಾಸ್ಕು ಧರಿಸಿ ಬೋರ್ಡಿನ ಕೆಳಗೆ ನಿಲ್ಲಬೇಕು. ಆ ಚಿತ್ರ ಗಿರಾಕಿಯ ಫೋನಿಗೆ ಹೋಗಬೇಕು. ಆಮೇಲೆ ಕಿಟ್ಟನ್ನು ಕಳಚಿ ಮೊಳೆಗೆ ನೇತುಹಾಕಿ, ಅವನು ಎಂದಿನ ಅಂಗಿಯಲ್ಲಿ ಕೆಲಸಕ್ಕೆ ನಡೆಯಬೇಕು. ಅದನ್ನು ತೊಟ್ಟು ಸಿಂಕಿನ ಕೆಳಗೆ ತೂರಿದರೆ ಹರಿಯುತ್ತದೆ ಎಂಬುದು ಯಜಮಾನರ ವಾದ. ಹರಿಯಬಾರದೆಂದು ಕಿಟ್ಟನ್ನು ಕೆಲಸಕ್ಕೆ ಕಳಿಸಲಿಲ್ಲ; ಕೆಲಸಕ್ಕೆ ಕಳಿಸದಿದ್ದುದರಿಂದ ಇಡೀ ಅಂಗಡಿಗೆ ಒಂದೇ ಸಾಕಾಯಿತು. ಮಾಸ್ಕೂ ಒಂದೇ. ಒಬ್ಬನ ಉಸಿರಿನ ಬಿಸಿ ಆರುವ ಮೊದಲೇ ಅದು ಇನ್ನೊಬ್ಬನ ಮೂಗಿಗೇರುತ್ತಿತ್ತು. ದಪ್ಪಗಿದ್ದ ಒಬ್ಬನಿಗೆ ಕಿಟ್ಟನ್ನು ಬೆನ್ನ ಹಿಂದೆ ಕತ್ತರಿಸಿ ತೊಡಿಸಿದ್ದರಿಂದ, ಅಂದಿನಿಂದ ಫೋಟೋಗಳೆಲ್ಲ ಎದುರಿನಿಂದಲೇ.

ಅವರಿಗೆ ರೋಗದ ಭಯವಿರಲಿಲ್ಲವೆಂದು ಭಾವಿಸಬೇಡಿ. ಮನೆಯಲ್ಲಿ ಅವರ ತಾಯಿಗೆ ಶ್ವಾಸಕೋಶ ಸೋತಿತ್ತು. ಈ ಕಾಯಿಲೆ ಹೊಸ್ತಿಲು ದಾಟಿದರೆ ಆಕೆ ಉಳಿಯುವುದು ಕಷ್ಟವೆಂದು ಡಾಕ್ಟರು ಎಚ್ಚರಿಸಿದ್ದರು. ಹೀಗಾಗಿ ಆ ಮನೆಯಲ್ಲಿ ಹಾಲಿನ ಪ್ಯಾಕೆಟ್ಟಿಗೂ ಸೋಪಿನ ಸ್ನಾನ. ಯಜಮಾನರು ಸ್ನಾನ ಮಾಡದೆ ತಾಯಿಯ ಮುಖ ನೋಡುತ್ತಿರಲಿಲ್ಲ. ಅರಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟು. ಅರಿವನ್ನೆಲ್ಲ ಮನೆಯಲ್ಲಿಟ್ಟು ಬಾಗಿಲಿಗೆ ಬೀಗ ಹಾಕಿ ಅಂಗಡಿಗೆ ಹೊರಡುವವನಿಗೆ ಏನುಂಟು?

ಒಂದು ಬೆಳಿಗ್ಗೆ, ಎತ್ತರದ ದೆಸೆಯಿಂದ ಉದ್ದಣ್ಣನೆಂದೇ ಹೆಸರಾದ ಪ್ಲಂಬರನು ಫೋಟೋಕ್ಕೆ ನಿಂತಾಗ ಕಿಟ್ಟಿನೊಳಗೆ ಕೆಮ್ಮಿದ. ಮೈಯೂ ಬೆಚ್ಚಗಿದೆ, ಇವತ್ತು ಬಿಟ್ಟುಬಿಡಿ ಎಂದ. ಅದು ಪೈಪಿನ ಧೂಳು, ನೀರು ಕುಡಿದು ಹೊರಡು ಎಂದು ಯಜಮಾನರು ತೀರ್ಪಿತ್ತು, ಅವನನ್ನು ಮೂಲೆಮನೆಯ ಮೇಷ್ಟರಲ್ಲಿಗೆ ಕಳಿಸಿದರು. ಅಲ್ಲಿ ಮೇಷ್ಟರ ಬಸುರಿ ಮಗಳು ಹೆರಿಗೆಗೆ ಬಂದಿದ್ದಳು. ಆಮೇಲೆ ಯಜಮಾನರು ಹೊಸ ಜಾಹೀರಾತಿಗೆಂದು, ಉದ್ದಣ್ಣ ಕಳಚಿಟ್ಟ ಕಿಟ್ಟನ್ನೂ ಮಾಸ್ಕನ್ನೂ ತಾವೇ ತೊಟ್ಟು, ಹೆಬ್ಬೆರಳೆತ್ತಿ ಫೋಟೋ ತೆಗೆಸಿಕೊಂಡರು. ಕೆಮ್ಮು ಧೂಳಿನದೆಂದು ಅವರೇ ಹೇಳಿಯಾಗಿತ್ತಲ್ಲ. ತಮ್ಮ ಮಾತನ್ನು ತಾವೇ ನಂಬದಿದ್ದರೆ ಹೇಗೆ? ಆ ಚಿತ್ರ ಊರಿಗೆಲ್ಲ ಹೋಯಿತು, ಹೆಂಡತಿಯ ಫೋನಿಗೂ ಹೋಯಿತು.

ಮಧ್ಯಾಹ್ನ ತಾಯಿಯ ಕೋಣೆಯ ಬಚ್ಚಲಿನಲ್ಲಿ ಪೈಪು ಒಡೆಯಿತು. ಯಜಮಾನರ ಫೋನು ಬಿಡುವಿಲ್ಲದೆ ಮಾತಾಡುತ್ತಿದ್ದುದರಿಂದ ಹೆಂಡತಿ ಎಲ್ಲ ಗಿರಾಕಿಗಳಂತೆ ಅಂಗಡಿಯ ನಂಬರಿಗೆ ಹೇಳಿದಳು. ಅಂಗಡಿಯ ಹುಡುಗ ಕಳಿಸಿದ ಫೋಟೋ ಬಂತು. ಅದರ ಹಿಂದೆಯೇ ಉದ್ದಣ್ಣ ಬಂದ. ಊಟಕ್ಕೆಂದು ಮನೆಗೆ ಬಂದ ಯಜಮಾನರು ತಮ್ಮ ಗೇಟಿನಲ್ಲಿ ಅವನನ್ನು ಕಂಡು ಎರಡೂ ಕೈ ಚಾಚಿ ಅಡ್ಡ ನಿಂತರು.

“ನೀನು ಒಳಗೆ ಹೋಗ್ಬೇಡ.”

“ಯಾಕೆ ಯಜಮಾನ್ರೇ? ಪೈಪಿನ ಧೂಳಲ್ವಾ?”

ಬಾಗಿಲಲ್ಲಿ ಸೀರೆ ಎತ್ತಿಕಟ್ಟಿ ನಿಂತಿದ್ದ ಹೆಂಡತಿಗೆ ಇದೊಂದೂ ಅರ್ಥವಾಗಲಿಲ್ಲ. ಅತ್ತೆಯ ಮಂಚದ ಕೆಳಗೆ ನೀರು ನಿಂತಿದೆ, ನೂರಕ್ಕೆ ನೂರು ಎಂದು ಬರೆಸಿದವರು ನೀವೇ, ನಿಮ್ಮ ಆಳಿಗೆ ನೀವೇ ಅಡ್ಡ ನಿಲ್ಲುವುದೇನು ಎಂದು ಕೇಳಿದಳು. ಉತ್ತರಿಸಿದ್ದು ಉದ್ದಣ್ಣ. ಜ್ವರದಲ್ಲೇ ಮೇಷ್ಟರ ಮನೆಗೆ ಹೋಗಿಬಂದ ಕತೆಯನ್ನೂ ಮೊಳೆಯ ಮೇಲಿನ ಕಿಟ್ಟಿನ ಕತೆಯನ್ನೂ, ನಡುನಡುವೆ ಕೆಮ್ಮುತ್ತ, ಬೀದಿಯ ಆಚೆ ಬದಿಗೆ ಸರಿದು ಸಾವಕಾಶವಾಗಿ ಹೇಳಿದ.

ಯಜಮಾನರು ಪ್ಯಾಂಟು ಮಡಚಿದರು. ಪ್ಲಂಬರನಾಗಿಯೇ ಮೇಲೆ ಬಂದವರು. ತಾವೇ ಸರಿಪಡಿಸುವುದಾಗಿ ಹೇಳಿ ಹೊಸ್ತಿಲಿಗೆ ಕಾಲಿಟ್ಟರು. ಹೆಂಡತಿ ಫೋನನ್ನು ಅವರ ಮುಖದೆದುರು ಹಿಡಿದಳು. ಬಿಳಿಯ ಕಿಟ್, ಮಾಸ್ಕು, ಎತ್ತಿದ ಹೆಬ್ಬೆರಳು.

“ಇದು ಬೆಳಿಗ್ಗೆ ಇವನು ಬಿಚ್ಚಿಟ್ಟಿದ್ದೇ ತಾನೆ?”

ಯಜಮಾನರ ಕಾಲು ಹಿಂದೆ ಸರಿಯಿತು. ತಾಯಿಯ ಬಾಗಿಲನ್ನು ಅವರು ಯಾರ್‍ಯಾರಿಗೋ ಮುಚ್ಚಿದ್ದರು. ಈಗ ಅದು ಅವರಿಗೇ ಮುಚ್ಚಿತು.

ಕೊನೆಗೆ ಮುಖ್ಯ ವಾಲ್ವು ಎಲ್ಲಿದೆ, ಯಾವ ಕಡೆಗೆ ತಿರುಗಿಸಬೇಕು ಎಂದು ಯಜಮಾನರು ಗೇಟಿನಾಚೆಯಿಂದ ಕೂಗಿ ಹೇಳಿದರು. ಹೆಂಡತಿ ತಿರುಗಿಸಿದಳು, ನೀರು ನಿಂತಿತು. ತಾಯಿ ಕಿಟಕಿಗೆ ಬಂದು ಕುಳಿತಳು. ಮಗ ಬಿಸಿಲಿನಲ್ಲಿ ನಿಂತಿರುವುದೇಕೆಂದು ಸೊಸೆಯನ್ನು ಕೇಳಿ ತಿಳಿದುಕೊಂಡಳು. ಒಂದೊಂದು ಮಾತಿಗೂ ಉಸಿರನ್ನು ಸಾಲ ತರುವವಳಂತೆ ನಿಧಾನವಾಗಿ ಹೇಳಿದಳು:

“ನನ್ನನ್ನ ಕಾಯ್ದೆ, ಸರಿ ಕಣೋ. ಮೇಷ್ಟ್ರ ಮಗಳನ್ನ ಯಾರು ಕಾಯ್ತಾರೆ? ಫೋನ್ ಮಾಡು. ನನ್ನೆದುರಿಗೇ ಮಾಡು.”

ಮಾಡದೆ ವಿಧಿಯಿರಲಿಲ್ಲ. ಮೇಷ್ಟರು ಯಜಮಾನರ ದನಿ ಕೇಳಿದ್ದೇ ಹಿಗ್ಗಿದರು. ಫೋಟೋ ನೋಡಿ ಮನೆಮಂದಿಗೆಲ್ಲ ಧೈರ್ಯ ಬಂತೆಂದೂ, ಇಂಥ ಪ್ರಾಮಾಣಿಕರು ಈ ಕಾಲದಲ್ಲಿ ಅಪರೂಪವೆಂದೂ, ಆ ಚಿತ್ರವನ್ನು ನೆಂಟರಿಗೆಲ್ಲ ಕಳಿಸಿರುವೆನೆಂದೂ ಹೇಳಿದರು. ಅಷ್ಟರಲ್ಲಿ ಬೀದಿಯಾಚೆ ಉದ್ದಣ್ಣ ಎದೆ ಹಿಡಿದುಕೊಂಡು ಮತ್ತೆ ಕೆಮ್ಮಿದ.

“ಯಾರ್‍ರೀ ಅದು, ಹಾಗೆ ಕೆಮ್ತಿರೋದು?” ಎಂದರು ಮೇಷ್ಟರು.

‘ಪೈಪಿನ ಧೂಳು’ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಯಜಮಾನರು ಕಿಟಕಿಯತ್ತ ನೋಡಿದರು. ತಾಯಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ನಮ್ಮ ಪ್ಲಂಬರ್ ಮೇಷ್ಟ್ರೇ,” ಎಂದರು. “ಬೆಳಿಗ್ಗೆ ನಿಮ್ಮನೇಗೆ ಬಂದಿದ್ದೋನೇ.”