ಬೇಡಿ ತಂದ ತಲೆಚೌಕ

ಗಂಟು ಬಿಚ್ಚಿದ ಸಿದ್ದಾಜಮ್ಮ ಹಣೆ ಚಚ್ಚಿಕೊಂಡಳು. ಒಳಗಿದ್ದ ತಲೆಚೌಕಗಳೆಲ್ಲ ಹೊಚ್ಚ ಹೊಸವು. ಗಂಜಿ ಬಿಟ್ಟಿರಲಿಲ್ಲ, ಮಡಿಕೆ ಮುರಿದಿರಲಿಲ್ಲ, ಒಂದೆರಡರ ಮೂಲೆಯಲ್ಲಿ ಅಂಗಡಿಯ ಚೀಟಿ ಬೇರೆ. ಊಟಿ ಪೇಟೆಯ ಹುಡುಗರು ಬಂಡಾನಾ ಎಂದು ಕೂಗಿ ಮಾರುವ, ಕೆಂಪು, ನೀಲಿ, ಹಳದಿಯ ಮೇಲೆ ಬಳ್ಳಿ ಅಚ್ಚೊತ್ತಿದ ಚೌಕಗಳು. ನೋಡಲಿಕ್ಕೇನೋ ಕಣ್ಣು ತಣಿಯುವಂತಿದ್ದವು. ಕೆಲಸಕ್ಕೆ ಬರುವಂಥದು ಒಂದೂ ಇರಲಿಲ್ಲ.

“ನಾ ಕೇಳಿದ್ದೇನು, ಈ ಎಲೆ ಕೀಳೋರು ಕೊಟ್ಟಿರದೇನು,” ಎಂದಳು ಸೊಸೆಯ ಕಡೆ ತಿರುಗಿ. “ತಲೆಗೆ ಕಟ್ಟಿ ಸವ್ದಿರದು ಕೊಡ್ರವ್ವ ಅಂದ್ರೆ, ಮದ್ವೆಗೆ ಮುಯ್ಯಿ ಮಾಡ್ದಂಗೆ ಮಾಡವ್ರಲ್ಲ.”

ಪುಷ್ಪಾ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವಳಿಗೆ ಏಳು ತಿಂಗಳು ತುಂಬಿತ್ತು. ಬಸುರಿಯರ ಕೈ ಗೊತ್ತಿಲ್ಲದೆಯೇ ಹೊಟ್ಟೆಯ ಮೇಲೆ ಹೋಗುತ್ತದಲ್ಲ, ಅವಳದು ಹೋಗುತ್ತಿರಲಿಲ್ಲ. ಎರಡು ಕೂಸುಗಳನ್ನು ಹೆತ್ತು, ಎರಡನ್ನೂ ಎದೆಹಾಲು ಬಿಡಿಸುವ ಮೊದಲೇ ನೀಲಗಿರಿಯ ಈ ಸೋಲೂರಿನ ಮಣ್ಣಿಗೆ ಕೊಟ್ಟವಳು. ಇದರ ಮೇಲೆ ಆಸೆ ಇಡಲಿಕ್ಕೇ ಅವಳಿಗೆ ಭಯ.

ಸಿದ್ದಾಜಮ್ಮನ ತವರು ಗುಂಡ್ಲುಪೇಟೆ ಕಡೆ. ಕೂಸು ನಿಲ್ಲದ ಮನೆಯಲ್ಲಿ ಹುಟ್ಟುವ ಮುಂದಿನ ಕೂಸಿಗೆ ಅವಳ ತವರಿನವರು ಸ್ವಂತ ಬಟ್ಟೆ ಹಾಕುತ್ತಿರಲಿಲ್ಲ. ನಾಲ್ಕು ಜನರ ಮೈಮೇಲೆ ಸವೆದದ್ದನ್ನು ಬೇಡಿ ತಂದು ಕೌದಿ ಹೊಲಿದು, ಅದರಲ್ಲೇ ಕೂಸನ್ನು ಸುತ್ತುವುದು. ಆಮೇಲೆ ಅದು ಈ ಮನೆಯದಲ್ಲ, ಬಟ್ಟೆ ಕೊಟ್ಟವರದು. ಒಯ್ಯಲು ಬಂದ ಯಮನಿಗೂ ಯಾರ ಬಾಗಿಲು ತಟ್ಟಬೇಕೆಂದು ತಿಳಿಯಬಾರದು. ಹೊಸ ಬಟ್ಟೆಗೆ ಯಾರ ಬೆವರು ಗೊತ್ತು? ಒಂದೇ ಮನೆಯಲ್ಲಿ ಎರಡನೇ ಸಲ ಬೇಡುವ ಹಾಗೂ ಇಲ್ಲ. ಮುದುಕಿ ಸಿಕ್ಕಿಬಿದ್ದದ್ದು ಅಲ್ಲಿ.

ಸಂಜೆ ಗಂಟು ಹೊತ್ತು ಎಲೆ ತೂಗುವ ಶೆಡ್ಡಿಗೆ ಹೋದಳು. ಅಲ್ಲಿ ಟೀ ಎಲೆ ಕೀಳುವ ಹೆಂಗಸರು ತಂತಮ್ಮ ಮೂಟೆಯ ಪಕ್ಕ ನಿಂತಿದ್ದರು. ಎಲ್ಲರೂ ಮಗ ನಟರಾಜನ ಟೀ ಅಂಗಡಿಯಲ್ಲಿ ಬಿಸಿ ಗ್ಲಾಸು ಹಿಡಿದು ಕೈ ಕಾಯಿಸಿಕೊಳ್ಳುವವರೇ. ಎಲೆಯ ರೇಟು ನೆಲ ಕಚ್ಚಿದ ವರ್ಷ ಅದು. ಅಂಥದ್ದರಲ್ಲಿ ಬಸ್ಸು ಹತ್ತಿ ಊಟಿಗೆ ಹೋಗಿ ತಂದಿದ್ದರು ಪುಣ್ಯಾತ್ಗಿತ್ತಿಯರು. ಬೈಯುವುದು ಹೇಗೆ?

“ಪಿಡಿಕ್ಕಲಿಲ್ವಾ ಅಕ್ಕಾ, ಇಷ್ಟ ಆಗ್ಲಿಲ್ವಾ?” ಎಂದಳು ಅವರಲ್ಲಿ ಹಿರಿಯಳಾದ ತಂಗಮ್ಮ ತಮಿಳು ಬೆರೆತ ಕನ್ನಡದಲ್ಲಿ, ಮುಖ ಸಣ್ಣದು ಮಾಡಿಕೊಂಡು. “ಕೂಸಿಗೆ ಅಂತ ಕೇಳಿದ್ರಿ. ಹರಿದ ಕಂದಲು ಬಟ್ಟೆ ಕೊಟ್ಟಾ ನಮಗೆ ಮರ್ಯಾದೆಯಾ?”

ಸಿದ್ದಾಜಮ್ಮ ತವರಿನ ಕಟ್ಟಳೆಯನ್ನೆಲ್ಲ ಹೇಳಿದಳು. “ಕೊಟ್ಟಿರದ್ನ ವಾಪಸ್ ಮಾಡಂಗಿಲ್ಲ ಕನವ್ವ, ಇನ್ನೊಂದು ಕೇಳಕೂ ಬಾಯಿಲ್ಲ. ಏನ್ ಮಾಡ್ಲಿ ಅಂತಾನೂ ಗೊತ್ತಿಲ್ಲ.”

ನಂಜಿ ಎಂಬ, ಅಲ್ಲಿನ ಬಡಗ ಜನದ ಹೆಂಗಸು ಮುಂದೆ ಬಂದು ಗಂಟಿನಿಂದ ಕೆಂಪು ಚೌಕವೊಂದನ್ನು ಎಳೆದಳು. ಅಂಗಡಿಯ ಚೀಟಿ ಕಿತ್ತೆಸೆದು, ಮೂಲೆ ಸೇರಿಸಿ ಮಡಚಿ, ತಲೆಗೆ ಬಿಗಿದು ಕಟ್ಟಿದಳು.

“ಸವೀಬೇಕು, ಅಷ್ಟೇಯಲ್ಲಾ,” ಎಂದಳು. “ಸವೆಸಿ ಕೊಟ್ಟರಾತು.”

ತಂಗಮ್ಮ ನೀಲಿಯದನ್ನು ತೆಗೆದುಕೊಂಡಳು. ಗಂಟು ಅಲ್ಲೇ ಬರಿದಾಯಿತು.

ಮರುದಿನ ಬೆಳಿಗ್ಗೆ ಮಂಜು ತೆಳುವಾಗುತ್ತಿದ್ದಾಗ ಪುಷ್ಪಾ ನೀರು ಚೆಲ್ಲಲು ಹಿತ್ತಿಲಿಗೆ ಬಂದಳು. ಬಂದವಳು ಬಕೆಟ್ಟು ಕೆಳಗಿಡುವುದನ್ನು ಮರೆತಳು. ಎದುರಿನ ಇಳಿಜಾರಿನಲ್ಲಿ ದಿನವೂ ಹೆಂಗಸರು ಇರುತ್ತಾರೆ. ಮಾಸಿದ ಬಟ್ಟೆಯಲ್ಲಿ ಇದ್ದಾರೋ ಇಲ್ಲವೋ ಎಂಬಂತೆ ಹಸಿರೊಳಗೆ ಸೇರಿಹೋಗಿರುತ್ತಾರೆ. ಇವತ್ತು ಗುಡ್ಡದ ಬುಡದಿಂದ ನೆತ್ತಿಯವರೆಗೆ ಕೆಂಪು, ನೀಲಿ, ಹಳದಿ ಸಾಲುಸಾಲಾಗಿ ಮೇಲಕ್ಕೆ ಹತ್ತುತ್ತಿದ್ದವು. ಮಂಜು ಮುಚ್ಚಿದರೆ ಮಾಯ, ಸರಿದರೆ ಮತ್ತೆ ಅಷ್ಟೂ. ಗಾಳಿಗೆ ಗುಡ್ಡಕ್ಕೆ ಗುಡ್ಡವೇ ಅಲುಗಿದಂತೆ ಕಂಡಿತು. ಅಷ್ಟು ಹೆಂಗಸರು ಅವಳ ಹೊಟ್ಟೆಯಲ್ಲಿದ್ದ, ಇನ್ನೂ ಮುಖ ಕಾಣದ ಜೀವಕ್ಕಾಗಿ ತಲೆ ಕಟ್ಟಿ ಹೊರಟಿದ್ದರು. ಪುಷ್ಪಾಳಿಗೆ ಇಂಥದ್ದು ತನಗೂ ಉಂಟೇ ಎಂದು ಅಚ್ಚರಿಯಾಯಿತು. ಹೊಟ್ಟೆಯೊಳಗೆ ಕೂಸು ಒದೆಯಿತು, ಕೈ ತಾನಾಗಿ ಅಲ್ಲಿಗೆ ಹೋಯಿತು.

ಅವರು ಮಳೆಯಲ್ಲಿ ಕಟ್ಟಿದರು, ಬಿಸಿಲಲ್ಲಿ ಕಟ್ಟಿದರು, ಮಲಗುವಾಗಲೂ ಬಿಚ್ಚಲಿಲ್ಲ. ಕಲ್ಲಿಗೆ ಬಡಿದು ಒಗೆದು ಮತ್ತೆ ಕಟ್ಟಿದರು. ಸಿದ್ದಾಜಮ್ಮ ದಿನಾ ಸಂಜೆ ಶೆಡ್ಡಿಗೆ ಹೋಗಿ ಒಬ್ಬೊಬ್ಬರ ತಲೆಯನ್ನೂ ಮುಟ್ಟಿ ನೋಡುವಳು. “ಇನ್ನೂ ಗರಿಗರಿ ಅಂತದೆ, ಇನ್ನಷ್ಟು ಬೆವ್ರವ್ವ,” ಎನ್ನುವಳು. ಅವರು ನಗುವರು. ಕಡೆಗೆ ಚೌಕಗಳು ಒಂದೊಂದಾಗಿ ಬಂದವು, ಎಲೆಯ ಕಲೆ ಹತ್ತಿ, ಕೊಬ್ಬರಿ ಎಣ್ಣೆ ಕುಡಿದು, ಹಸುವಿನ ಕಿವಿಯ ಹಾಗೆ ಮೆತ್ತಗಾಗಿ. ಮುದುಕಿ ಒಳಗೆ ಹಳೆ ಸೀರೆ ಹಾಸಿ, ಅಂಚಿನಿಂದ ನಡುವಿಗೆ ಸಣ್ಣ ಹೊಲಿಗೆ ಹಾಕುತ್ತ ಹೋದಳು. ಕೌದಿ ಮುಗಿದ ವಾರದಲ್ಲೇ ಪುಷ್ಪಾ ಊಟಿಯ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು.

ಬಸ್ಸಿಳಿದವರು ಮನೆಗೆ ಹೋಗಲಿಲ್ಲ. ಸಿದ್ದಾಜಮ್ಮ ಕೌದಿಯಲ್ಲಿ ಸುತ್ತಿದ ಕೂಸನ್ನು ನೇರ ಶೆಡ್ಡಿಗೆ ಒಯ್ದಳು. ಕಟ್ಟಳೆಯಂತೆ ಪುಷ್ಪಾ ಹಿಂದೆ ನಿಲ್ಲಬೇಕು, ಬಾಯಿ ಬಿಡಬಾರದು.

“ಯಾರ ಕೂಸ್ರವ್ವ ಇದು?” ಎಂದು ಮುದುಕಿ ಕೇಳಿದಳು.

“ನಮ್ಮದು,” ಎಂದಳು ತಂಗಮ್ಮ.

“ನಮ್ಮದೇ ಕೂಸು,” ಎಂದಳು ನಂಜಿ. ಸಾಲಿನ ಕೊನೆಯವರೆಗೂ ಅದೇ ಮಾತು ಹೋಯಿತು. ಎಲೆಯ ಕರೆ ಹತ್ತಿದ ಕೈಗಳು ಒಂದರಿಂದ ಒಂದಕ್ಕೆ ಕೂಸನ್ನು ದಾಟಿಸಿದವು. ಅದು ದೂರ ಹೋದಷ್ಟೂ ಪುಷ್ಪಾ ಹಲ್ಲು ಕಚ್ಚಿ ನಿಂತಳು. ಶೆಡ್ಡಿನ ಆ ತುದಿಯಲ್ಲಿ ಕೂಸು ಅತ್ತಿತು. ಪುಷ್ಪಾಳ ರವಿಕೆ ಒದ್ದೆಯಾಯಿತು.

ತಂಗಮ್ಮ ಅದನ್ನು ನೋಡಿದಳು. ಹೋಗಿ ಕೂಸನ್ನು ಎತ್ತಿಕೊಂಡು ಬಂದು ಪುಷ್ಪಾಳ ಮುಂದೆ ನಿಂತಳು.

“ನಮ್ಮ ಕೂಸಿಗೆ ಪಸಿ ಅಮ್ಮಾ,” ಎಂದಳು. “ಕೊಂಚ ಹಾಲು ಕೊಡ್ತೀಯಾ?”

ಪುಷ್ಪಾ ಎಲೆಮೂಟೆಯ ಮೇಲೆ ಕೂತು ಎರಡೂ ಕೈ ಚಾಚಿದಳು. ಹೆಂಗಸರು ಗಾಳಿಗೆ ಬೆನ್ನು ಕೊಟ್ಟು ಸುತ್ತ ನಿಂತರು.