ಕೀಲು ನೋಡುವ ಕ್ಯಾಮೆರಾ

ರುದೈನಾಳ ಕ್ಯಾಮೆರಾಕ್ಕೆ ಮುಖದ ಗೊಡವೆ ಇಲ್ಲ. ಎದುರಿಗೆ ಬಂದವರ ಭುಜ, ಮೊಣಕೈ, ಮೊಣಕಾಲುಗಳನ್ನಷ್ಟೇ ಚುಕ್ಕೆಗಳಾಗಿ ಹಿಡಿದು, ನಡುವೆ ಗೆರೆ ಎಳೆದು, ‘ನಡಿಗೆ’, ‘ಚಹಾ ಕುಡಿಯುವುದು’ ಎಂದು ಪರದೆಯ ಮೇಲೆ ಬರೆಯುತ್ತದೆ. ಇರ್ಬಿದ್ ಊರಿನ ಕಾಲೇಜಿನವರು ಇದಕ್ಕೆಂದೇ ಅವಳಿಗೊಂದು ಕೋಣೆ ಕೊಟ್ಟಿದ್ದರು. ಇವತ್ತಿನ ಪರೀಕ್ಷೆಯಲ್ಲಿ ಯಂತ್ರ ತಪ್ಪಿದರೆ ಆ ಕೋಣೆ ಮುರಿದ ಕುರ್ಚಿಗಳ ಪಾಲು ಎಂದು ಡೀನ್ ಅಬು ನಿಜಾರ್ ಮೊದಲೇ ಹೇಳಿಬಿಟ್ಟಿದ್ದರು.

ಡೀನ್ ಜೊತೆ ವಿಭಾಗದ ಮುಖ್ಯಸ್ಥ ಅಬು ಹಮ್ದಾನ್ ಕೂಡ ಬಂದರು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಅಬು ನಿಜಾರ್ ಡೀನ್ ಆದ ದಿನ ಅಬು ಹಮ್ದಾನ್ ಅಭಿನಂದನೆಗೆಂದು ತಟ್ಟೆ ತುಂಬ ಕನಾಫೆ ಸಿಹಿತಿಂಡಿ ಕಳಿಸಿದ್ದರು, ಸಕ್ಕರೆ ಪಾಕ ಹಾಕಿಸದೆ. ನಾಲ್ಕು ಜನರ ಮುಂದೆ ಮಾತ್ರ ಬೆಣ್ಣೆಯಂಥ ಮಾತು.

ಆ ಊರಿನ ಪದ್ಧತಿಯಂತೆ ಬಾಗಿಲಲ್ಲಿ ಬಲಗಡೆ ಇದ್ದವರು ಮೊದಲು ಒಳಗೆ ಹೋಗಬೇಕು. ಅದಕ್ಕೇ ಮರ್ಯಾದಸ್ಥರು ಇನ್ನೊಬ್ಬರನ್ನು ಮುಂದೆ ಬಿಡಲು ಎಡಕ್ಕೆ ಸರಿಯುತ್ತಾರೆ. ಇಬ್ಬರೂ ಸರಿದರು.

“ನೀವು ಬಲಗಡೆ ಇದೀರಿ ಅಬು ನಿಜಾರ್, ನಡೀರಿ.”

“ಛೆ, ದೇವರಾಣೆ, ನೀವಿರೋವಾಗ ನಾನಾ?”

ಮತ್ತೆ ಸರಿದರು. ಒಬ್ಬರ ಮೊಣಕೈ ಇನ್ನೊಬ್ಬರು ಹಿಡಿದರು, ನೂಕಿದರು, ನಗುನಗುತ್ತಲೇ ಗಿರಗಿರ ಸುತ್ತಿದರು. ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಜಗಳ’ ಎಂದು ಬಂತು. ಹೊರಗೆ ನಿಂತಿದ್ದ ವಿದ್ಯಾರ್ಥಿಗಳು ಕಿಸಕ್ಕೆಂದರು.

ಹೇಗೋ ಒಳಗೆ ಬಂದ ಡೀನ್ ಅದನ್ನು ನೋಡಿ ಕೆಂಡವಾದರು. “ಜಗಳಾನಾ? ನಮ್ಮಿಬ್ರದು ಪ್ರಾಣಸ್ನೇಹ. ನಿನ್ನ ಯಂತ್ರ ತಪ್ಪಿತು ಮಗಳೇ, ಕೋಣೆ ಖಾಲಿ ಮಾಡು.”

“ಪ್ರಾಣಸ್ನೇಹ,” ಎಂದರು ಅಬು ಹಮ್ದಾನ್.

ರುದೈನಾಳಿಗೆ ಅಳು ಬಂತು. ಯಂತ್ರ ಹೇಳಿದ್ದು ಅಪ್ಪಟ ನಿಜ, ಆದರೆ ಬಾಯಿಬಿಟ್ಟು ಹೇಳುವ ಹಾಗಿಲ್ಲ.

ಹೊರಡುವಾಗ ಯಾರಿಗೂ ಉಪಚಾರದ ತಾಳ್ಮೆ ಉಳಿದಿರಲಿಲ್ಲ. ಇಬ್ಬರೂ ಒಟ್ಟಿಗೇ ನುಗ್ಗಿ, ಹೊಟ್ಟೆಗೆ ಹೊಟ್ಟೆ ತಾಗಿ ಬಾಗಿಲಲ್ಲಿ ಸಿಕ್ಕಿಕೊಂಡರು. ಬಿಡಿಸಿಕೊಳ್ಳಲು ಒಬ್ಬರ ಬೆನ್ನಿಗೆ ಇನ್ನೊಬ್ಬರು ಕೈ ಹಾಕಿ ಒದ್ದಾಡಿದರು. ಪರದೆಯ ಮೇಲೆ ‘ಅಪ್ಪುಗೆ’ ಎಂದು ಬಂತು.

ಇದಂತೂ ಶುದ್ಧ ತಪ್ಪು. ರುದೈನಾ ವಿದ್ಯಾರ್ಥಿಗಳಿಗೆಲ್ಲ ಕೇಳುವ ಹಾಗೆ ಅದನ್ನು ಓದಿ ಹೇಳಿ, ವಿನಯದಿಂದ ಕೇಳಿದಳು: “ಇದೂ ತಪ್ಪಾ, ಡೀನ್ ಸರ್?”

ಅಬು ನಿಜಾರ್ ವಿದ್ಯಾರ್ಥಿಗಳನ್ನು ನೋಡಿದರು. ಗೇಣು ದೂರದಲ್ಲಿದ್ದ ಅಬು ಹಮ್ದಾನರ ಮೂಗನ್ನು ನೋಡಿದರು.

“ಸರಿಯಾಗೇ ಇದೆ,” ಎಂದು ಹಲ್ಲು ಕಚ್ಚಿ ಹೇಳಿದರು. “ಕೋಣೆ ನೀನೇ ಇಟ್ಕೋ. ಮೊದಲು ನಮ್ಮನ್ನ ಬಿಡಿಸು.”

ರುದೈನಾ ಓಡಿ ಹೋಗಿ ಡೀನ್ ಕೋಟು ಹಿಡಿದು ಜೋರಾಗಿ ಎಳೆದಳು. ಪರದೆಯ ಮೇಲೆ ‘ಕಳ್ಳತನ’ ಎಂದು ಬಂತು. ಪುಣ್ಯಕ್ಕೆ ಆಗ ಯಾರೂ ಆ ಕಡೆ ನೋಡುತ್ತಿರಲಿಲ್ಲ.